ರೆಗ್ಯುಲೇಟರ್ ಕೂರಿಸಿದ ಜಾಗ

ಅವನನ್ನು ಎಲ್ಲರೂ ಡಬ್ಬಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹಳೆಯ ಮೋಟಾರ್‌ಸೈಕಲ್‌ಗಳ ವೈರಿಂಗ್‌ನಲ್ಲಿ ಎತ್ತಿದ ಕೈ. ಮೂವತ್ತು ನಲವತ್ತು ವರ್ಷದ ಗಾಡಿಗೆ ಹೊಸ ಸಾಮಾನು ಹಾಕಿದರೂ ಅದು ಹೊರಗೆ ಕಾಣದಂತೆ ಮಾಡುವುದು ಅವನ ಪಟ್ಟು. ಕೆಟ್ಟುಹೋದ ಹಳೆಯ ಭಾಗದ ತಗಡಿನ ಡಬ್ಬಿಯನ್ನು ಬಿಚ್ಚಿ, ಒಳಗಿದ್ದದ್ದನ್ನೆಲ್ಲ ಕಿತ್ತು, ಆ ಖಾಲಿ ಹೊಟ್ಟೆಯೊಳಗೆ ಹೊಸದನ್ನು ಕೂರಿಸಿ, ಅದೇ ಸವೆದ ಸ್ಕ್ರೂಗಳನ್ನು ಮತ್ತೆ ತಿರುಗಿಸುತ್ತಿದ್ದ. ಗಾಡಿಯ ಮಾಲೀಕ ಬಗ್ಗಿ ನೋಡಿ, ಎದ್ದು ನಿಂತು, ಮತ್ತೊಮ್ಮೆ ಬಗ್ಗಿ ನೋಡಿ, "ಏನೂ ಮಾಡೇ ಇಲ್ವಲ್ಲ ಮೇಸ್ತ್ರಿ" ಎಂದರೆ ಅವನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಟೈರ್ ಗೋದಾಮಿನ ಗೋಡೆಗೂ ಬೀಗ ರಿಪೇರಿಯವನ ಗೋಡೆಗೂ ನಡುವೆ, ಹನ್ನೆರಡು ಅಡಿ ಉದ್ದ ಒಂಬತ್ತು ಅಡಿ ಅಗಲದ ಅಂಗಡಿ. ವಯಸ್ಸು ಐವತ್ತಮೂರು. ಮದುವೆ ಆಗಿರಲಿಲ್ಲ, ಯಾಕೆಂದು ಕೇಳಿದವರಿಗೆ "ಪಾರ್ಟ್ಸ್ ಸಿಗಲಿಲ್ಲ" ಎನ್ನುತ್ತಿದ್ದ. ತನ್ನವರು ಅಂತ ಇದ್ದದ್ದು ಒಬ್ಬಳೇ ತಂಗಿ. ತಾಯಿ ತೀರಿಕೊಂಡಾಗ ಅವನಿಗೆ ಹತ್ತೊಂಬತ್ತು, ಅವಳಿಗೆ ಎಂಟು. ತಂದೆ ಮಾತಿಗಿಂತ ಮೊದಲು ಕೈ ಎತ್ತುವ ಮನುಷ್ಯ. ಬೆಳಿಗ್ಗೆ ಆ ಹುಡುಗಿಯ ತಲೆ ಬಾಚಿ, ಎರಡು ಜಡೆ ಹಾಕಿ, ಶಾಲೆಯ ಗೇಟಿನವರೆಗೆ ಬಿಟ್ಟು, ಆಮೇಲೆ ಗ್ಯಾರೇಜಿಗೆ ಹೋಗುತ್ತಿದ್ದ. ತಂತಿ ಹೊಸೆದು ಪಳಗಿದ ಬೆರಳುಗಳು; ಜಡೆ ಸಂಜೆಯವರೆಗೂ ಬಿಚ್ಚುತ್ತಿರಲಿಲ್ಲ. ಅವಳನ್ನು ಅವನು ಕರೆಯುತ್ತಿದ್ದದ್ದು ಗುಬ್ಬಿ ಎಂದು. ಈಗ ಅವಳಿಗೆ ನಲವತ್ತೆರಡು. ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕತ್ತರಿ ಹಿಡಿಯುವವಳು ಅವಳೇ. ಹೆಸರು ಮಾತ್ರ ಗುಬ್ಬಿಯೇ.

ಅವಳ ಗಂಡ ನೂಲಿನ ಗಿರಣಿಯಲ್ಲಿ ತೂಕದ ಗುಮಾಸ್ತ. ಸಾಧು ಮನುಷ್ಯ, ಬಾಯಿ ಮಾತ್ರ ಚುರುಕು. ಅವನೂ ಮೇಸ್ತ್ರಿಯೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಇಬ್ಬರಲ್ಲಿ ಯಾರು ಯಾರಿಗೆ ಭಾವ ಎಂಬುದು ಹದಿನೆಂಟು ವರ್ಷದಲ್ಲಿ ಇತ್ಯರ್ಥವಾಗಿರಲಿಲ್ಲ. ತಂದೆಯಿಂದ ಬಂದ ಒಂದು ಮೋಟಾರ್‌ಸೈಕಲ್ ಗುಮಾಸ್ತನ ಬಳಿ ಇತ್ತು. ಕಳೆದದ್ದರ ಹಿಂದಿನ ಚಳಿಗಾಲದ ಆರಂಭದಲ್ಲಿ ಅದರ ವೋಲ್ಟೇಜ್ ರೆಗ್ಯುಲೇಟರ್ ಕೆಟ್ಟಿತು.

ರೆಗ್ಯುಲೇಟರ್ ಎಂದರೆ ಗಾಡಿಯ ಕರೆಂಟಿಗೆ ಕಡಿವಾಣ. ಎಂಜಿನ್ ಜೋರಾಗಿ ತಿರುಗಿದಷ್ಟೂ ಕರೆಂಟು ಹೆಚ್ಚು ಹುಟ್ಟುತ್ತದೆ. ಬ್ಯಾಟರಿಗೂ ದೀಪಕ್ಕೂ ತಡೆಯುವಷ್ಟನ್ನೇ ಬಿಟ್ಟು ಮಿಕ್ಕದ್ದನ್ನು ಹಿಡಿಯುವುದು ಅದರ ಕೆಲಸ. ಹಳೆಯ ಕಾಲದ ರೆಗ್ಯುಲೇಟರ್ ಒಂದು ತಗಡಿನ ಡಬ್ಬಿ. ಅದರೊಳಗೆ ಕೂದಲೆಳೆಯಷ್ಟು ಅಂತರದಲ್ಲಿ ತೆರೆದು ಮುಚ್ಚುವ ಪುಟ್ಟ ಪಾಯಿಂಟುಗಳು. ಅವು ಕುಲುಕಬಾರದು. ಅದಕ್ಕೇ ತಯಾರಿಸಿದವರು ಡಬ್ಬಿಗೂ ಫ್ರೇಮಿಗೂ ನಡುವೆ ದಪ್ಪನೆಯ ಎರಡು ರಬ್ಬರ್ ವಾಷರ್ ಇಟ್ಟು, ಸೀಟಿನ ಕೆಳಗೆ, ಬ್ಯಾಟರಿಯ ಪಕ್ಕ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಕೂರಿಸಿದ್ದರು.

ಹೊಸ ಕಾಲದ್ದು ಬೇರೆ ಜಾತಿ. ಅಲ್ಯೂಮಿನಿಯಂ ಮೈ, ಬೆನ್ನ ಮೇಲೆ ಸಾಲುಸಾಲು ರೆಕ್ಕೆ, ಒಳಗೆ ಅಲುಗಾಡುವಂಥದ್ದು ಏನೂ ಇಲ್ಲ. ಎಷ್ಟು ಕುಲುಕಿದರೂ ಅದಕ್ಕೆ ಲೆಕ್ಕವಿಲ್ಲ. ಅದಕ್ಕೆ ಆಗಿಬರದ್ದು ಬಿಸಿ. ಹೆಚ್ಚಾದ ಕರೆಂಟನ್ನೆಲ್ಲ ಅದು ತನ್ನ ಮೈಯಲ್ಲೇ ಸುಟ್ಟುಕೊಳ್ಳುತ್ತದೆ. ಆದ್ದರಿಂದ ಬಣ್ಣ ಕೆರೆದ ಬರಿಯ ಕಬ್ಬಿಣಕ್ಕೆ ಅಂಟಿಸಿ, ಗಾಳಿ ಹೊಡೆಯುವ ಕಡೆ ಹಾಕಬೇಕು. ಪೊಟ್ಟಣದೊಳಗಿನ ಚೀಟಿಯಲ್ಲಿ ಇದೇ ಎರಡು ಸಾಲು ಇತ್ತು, ಒಂದು ಚಿತ್ರವೂ ಇತ್ತು. ಮುಚ್ಚಿದ ಡಬ್ಬಿಯ ಚಿತ್ರ; ಅದರ ಮೇಲೆ ಅಡ್ಡಗೆರೆ ಎಳೆದಿದ್ದರು. ಮೇಸ್ತ್ರಿ ಅದನ್ನು ಓದಿದ್ದ.

"ಎಲ್ಲಾದ್ರೂ ಹಾಕಿ ಭಾವ," ಎಂದಿದ್ದ ತೂಕದ ಗುಮಾಸ್ತ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು. "ಬೇಕಾದ್ರೆ ನನ್ನ ಹಣೆಗೇ ಕಟ್ಟಿ. ಲೈಟು ಉರಿದ್ರೆ ಸಾಕು."

"ಮುಂದೆ ಹಾಕಿದ್ರೆ ನಿಮ್ಮಪ್ಪನ ಗಾಡಿಗೆ ಮೂಗಿನ ಮೇಲೆ ಗಂಟು ಬಂದ ಹಾಗೆ ಕಾಣುತ್ತೆ ಭಾವ."

"ನಮ್ಮಪ್ಪಂಗೂ ಇತ್ತು ಬಿಡಿ ಮೂಗಿನ ಮೇಲೆ ಗಂಟು. ನಮ್ಮಮ್ಮ ಅದನ್ನ ನೋಡಿಕೊಂಡೇ ಐವತ್ತು ವರ್ಷ ಸಂಸಾರ ಮಾಡಲಿಲ್ವಾ?"

ಇಬ್ಬರೂ ನಕ್ಕರು. ನಗುತ್ತಲೇ ಮೇಸ್ತ್ರಿ ಹಳೆಯ ಡಬ್ಬಿ ಬಿಚ್ಚಿದ, ಒಳಗಿನದನ್ನು ಕಿತ್ತ, ಹೊಸದನ್ನು ಒಳಗೆ ಕೂರಿಸಿದ. ಮನಸ್ಸಿನ ಮೂಲೆಯಲ್ಲೆಲ್ಲೋ ಆ ಚೀಟಿ ಚುಚ್ಚಿರಬೇಕು. ಡಬ್ಬಿಯ ತಳಕ್ಕೆ ನಾಲ್ಕು ತೂತು ಕೊರೆದ. ಆಮೇಲೆ ಹಳೆಯ ಜಾಗದಲ್ಲೇ, ಹಳೆಯ ಎರಡು ರಬ್ಬರ್ ವಾಷರ್‌ಗಳ ಮೇಲೆಯೇ ಇಟ್ಟು ಬಿಗಿದ. ಸೈಡ್ ಕವರ್ ಮುಚ್ಚಿದ ಮೇಲೆ ಗಾಡಿಗೆ ಏನೂ ಆಗೇ ಇಲ್ಲವೆನ್ನುವ ಹಾಗಿತ್ತು.

ಚಳಿ ಇದ್ದ ಹನ್ನೊಂದು ವಾರ ಅದು ಚೆನ್ನಾಗಿಯೇ ಓಡಿತು. ಬಿಸಿಲು ಬಲಿತ ಮೂರನೆಯ ದಿನ, ಸಂಜೆ ಏಳು ಗಂಟೆಗೆ, ತೂಕದ ಗುಮಾಸ್ತ ಹತ್ತಿ ಗೋದಾಮಿನ ಪಕ್ಕದ ರಸ್ತೆಯಲ್ಲಿ, ಕೆಟ್ಟು ನಿಂತಿದ್ದ ಟ್ರೈಲರ್ ಒಂದರ ಹಿಂಭಾಗಕ್ಕೆ ಹೋಗಿ ಗುದ್ದಿದ. ಟ್ರೈಲರ್ ತುಂಬ ಕಬ್ಬಿಣದ ಸರಳು. ತುದಿಗಳು ನಾಲ್ಕು ಅಡಿ ಹೊರಗೆ ಚಾಚಿದ್ದವು. ಅಲ್ಲಿ ಬೀದಿದೀಪ ಇರಲಿಲ್ಲ. ಅವನ ಜೀವ ಅಲ್ಲೇ ಹೋಯಿತು. ಪೊಲೀಸರು ಅತಿವೇಗ ಮತ್ತು ಅಜಾಗರೂಕತೆ ಎಂದು ಬರೆದುಕೊಂಡರು.

ತಂಗಿ ಬರೆದುಕೊಂಡದ್ದು ಬೇರೆ. ಅಂದು ಅವನು ಗಿರಣಿಯಿಂದ ಬಂದು ಶೂ ಬಿಚ್ಚಿದ್ದ. ಮಾರನೆಯ ಬೆಳಿಗ್ಗೆ ಕೊಡಬೇಕಾದ ಕೋಟಿಗೆ ಲೈನಿಂಗ್ ಬಟ್ಟೆ ಕಡಿಮೆ ಬಿದ್ದಿತ್ತು. ಈಗಲೇ ಹೋಗಿ ತನ್ನಿ ಎಂದಳು. ಬೆಳಿಗ್ಗೆ ತರುತ್ತೇನೆ ಎಂದ. ನಿಮ್ಮಿಂದ ಒಂದು ಕೆಲಸ ನೆಟ್ಟಗೆ ಆಗಲ್ಲ ಎಂದಳು. ಅವನು ಮಾತಾಡದೆ ಶೂ ಹಾಕಿಕೊಂಡು ಹೊರಟುಹೋದ. ಕೋಪದಲ್ಲಿ ಗಾಡಿ ಓಡಿಸಿದ, ಎದುರಿಗಿದ್ದದ್ದು ಕಾಣಲಿಲ್ಲ: ಇದು ಅವಳ ತೀರ್ಪು. ಬಂದವರಿಗೆಲ್ಲ ಅದನ್ನೇ ಹೇಳಿದಳು. "ಬಿಚ್ಚಿದ ಶೂನ ಮತ್ತೆ ಹಾಕಿಸಿ ಕಳಿಸಿದೆ. ಹಾಕಿಸಿ ಕಳಿಸಿದೋಳು ನಾನೇ."

ಗಾಡಿ ಹತ್ತೊಂಬತ್ತು ದಿನ ಠಾಣೆಯ ಅಂಗಳದಲ್ಲಿತ್ತು. ಆಮೇಲೆ ಅದು ಮನೆಗೆ ಬರುವುದು ಬೇಡ ಎಂದಳು ತಂಗಿ. ಮೇಸ್ತ್ರಿ ಅಂಗಡಿಗೆ ತಂದುಕೊಂಡ. ಎರಡು ದಿನ ಅದರ ಮೇಲೆ ಗೋಣಿ ಹೊದಿಸಿಟ್ಟಿದ್ದ. ಮೂರನೆಯ ದಿನ ತೆಗೆದು ನೋಡಿದ.

ಹೆಡ್‌ಲೈಟಿನ ಗಾಜು ಪುಡಿಯಾಗಿತ್ತು. ಅದು ಗುದ್ದಿದ್ದಕ್ಕೇ ಇರಬಹುದು. ಆದರೆ ಹಿಂದಿನ ಕೆಂಪು ದೀಪಕ್ಕೆ ಒಂದು ಗೀರೂ ಬಿದ್ದಿರಲಿಲ್ಲ, ಅದರೊಳಗಿನ ಬಲ್ಬಿನ ತಂತಿ ಸುಟ್ಟು ಗಾಜಿನ ಒಳಮೈ ಕಪ್ಪಿಟ್ಟಿತ್ತು. ಮೀಟರ್ ಬಿಚ್ಚಿದ. ಕಡಲೆಕಾಳಿನಷ್ಟು ಬಲ್ಬು, ಅದೂ ಕಪ್ಪು. ಗುದ್ದಿದ ಏಟಿಗೆ ಎರಡು ಬಲ್ಬು ಎರಡು ಜಾಗದಲ್ಲಿ ಒಂದೇ ಥರ ಸುಡುವುದಿಲ್ಲ. ಹಾಗೆ ಸುಡಬೇಕಾದರೆ ಕಡಿವಾಣ ತಪ್ಪಿದ ಕರೆಂಟು ಒಂದೇ ಗಳಿಗೆಯಲ್ಲಿ ಎಲ್ಲದರೊಳಗೂ ನುಗ್ಗಿರಬೇಕು. ಸೈಡ್ ಕವರ್ ತೆಗೆದು ಡಬ್ಬಿಯ ಮುಚ್ಚಳ ಎತ್ತಿದಾಗ, ರೆಗ್ಯುಲೇಟರಿನ ತಳಕ್ಕೆ ತುಂಬಿದ್ದ ಕಪ್ಪು ಅರಗು ಕರಗಿ ಹರಿದು, ಅವನೇ ಕೊರೆದ ನಾಲ್ಕು ತೂತುಗಳನ್ನು ಮುಚ್ಚಿ ಗಟ್ಟಿಯಾಗಿತ್ತು. ರಬ್ಬರ್ ವಾಷರ್‌ಗಳು ಸ್ವಲ್ಪ ಗಡುಸಾಗಿದ್ದವು, ಅಷ್ಟೆ. ಕಬ್ಬಿಣಕ್ಕೆ ಒಂದಿಷ್ಟೂ ಬಿಸಿ ದಾಟಗೊಟ್ಟಿರಲಿಲ್ಲ.

ಅಂದರೆ ಅವನ ತಂಗಿಯ ಗಂಡ ವೇಗವಾಗಿ ಹೋಗಿರಲಿಲ್ಲ, ಅಜಾಗರೂಕನೂ ಆಗಿರಲಿಲ್ಲ. ಟ್ರೈಲರ್ ಹತ್ತಿರವಾಗುವಾಗ ಗಾಡಿಯ ದೀಪಗಳೆಲ್ಲ ಒಂದೇ ಸಲ ಆರಿಹೋಗಿದ್ದವು. ಬೆಳಕಿಗೆ ಒಗ್ಗಿದ್ದ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಮುಗಿದುಹೋಗಿತ್ತು.

ಅಂದೇ ಹೋಗಿ ಹೇಳಬೇಕಿತ್ತು. ಹೋದ ಕೂಡ. ತಂಗಿ ಟೀ ಲೋಟ ಕೈಗಿಟ್ಟು, ಎದುರಿಗೆ ಕೂತು, ಶೂ ಕತೆ ತೆಗೆದಳು. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳು, "ನೀನೊಬ್ಬ ಇದ್ದೀಯ ಅಂತ ಉಸಿರಾಡ್ತಿದ್ದೀನಿ ಅಣ್ಣ" ಎಂದುಬಿಟ್ಟಳು. ಅವನು ಟೀ ಕುಡಿದ. "ಹಣೆಬರಹ ಗುಬ್ಬಿ" ಎಂದ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ವಾಷರ್ ಬದಲಿಸಿ ಎದ್ದು ಬಂದ.

ಮುಂದಿನ ಭಾನುವಾರವೂ ಹೋದ, ಅದರ ಮುಂದಿನದಕ್ಕೂ ಹೋದ. ಪ್ರತಿ ಸಲವೂ ಆ ಮನೆಯಲ್ಲಿ ರಿಪೇರಿಗೆ ಏನಾದರೂ ಹುಡುಕಿಕೊಳ್ಳುತ್ತಿದ್ದ. ಸ್ವಿಚ್ಚುಗಳೆಲ್ಲ ಹೊಸದಾದವು, ಬಾಗಿಲುಗಳು ಕಿರುಗುಟ್ಟುವುದು ನಿಂತಿತು. ತಂಗಿ ಮಾತ್ರ ಸವೆಯುತ್ತ ಹೋದಳು. ಕುಪ್ಪಸದ ತೋಳಿನಲ್ಲಿ ಕೈ ಕೋಲಿನಂತೆ ಕಾಣುತ್ತಿತ್ತು. ಶೂ ಕತೆ ಹೇಳುವಾಗ ಅಳುವುದನ್ನೂ ಬಿಟ್ಟಿದ್ದಳು.

ಹೀಗೆ ಐದು ತಿಂಗಳು.

ತಂಗಿಯ ಅಂಗಡಿಯಲ್ಲಿ ಕಾಜಾ ಹಾಕುವ ಹೆಂಗಸು ಒಬ್ಬಳಿದ್ದಳು. ಗುಂಡಿ, ಕಾಜಾ, ಹೆಮ್ಮಿಂಗ್, ಬೀದಿಯ ಸುದ್ದಿ, ನಾಲ್ಕರಲ್ಲೂ ನುರಿತವಳು. ಎಲ್ಲರಿಗೂ ಕಾಜಾ ಅಕ್ಕ. ಒಂದು ಬೆಳಿಗ್ಗೆ ಅವಳು ಮೇಸ್ತ್ರಿಯ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತಳು.

"ಮೇಸ್ತ್ರಿ, ತಂಗಿ ಮನೆ ಬಲ್ಬು, ನಲ್ಲಿ ಎಲ್ಲಾ ನೋಡ್ತೀರಂತೆ. ತಂಗೀನ ನೋಡಿದ್ದೀರಾ?"

"ಯಾಕಕ್ಕ, ಏನಾಯ್ತು?"

"ಏನಾಯ್ತಾ? ದಿನಾ ಸಂಜೆ ಆರೂಮುಕ್ಕಾಲಿಗೆ ಕತ್ತರಿ ಕೆಳಗಿಟ್ಟು ಹೋಗ್ತಾಳೆ. ಎಲ್ಲಿಗೆ ಅಂತ ನಿನ್ನೆ ಹಿಂದೆ ಹೋದೆ. ಆ ಗೋದಾಮಿನ ರಸ್ತೇಲಿ, ಅದೇ ಜಾಗದಲ್ಲಿ ನಿಂತ್ಕೋತಾಳೆ. ಪಕ್ಕದಲ್ಲಿ ಅಲ್ಲ, ಟಾರಿನ ಮೇಲೇ. ಲಾರಿಗಳು ಸೀರೆ ಸವರಿಕೊಂಡು ಹೋಗ್ತವೆ. ಕೈ ಹಿಡಿದು ಎಳೆದ್ರೆ, 'ಅವರಿಗೆ ಹೇಗೆ ಕಂಡಿತ್ತು ಅಂತ ನೋಡ್ತಿದ್ದೀನಿ' ಅಂತಾಳೆ. ಒಂದು ದಿನ ಯಾವನಾದ್ರೂ ಹತ್ತಿಸಿಕೊಂಡು ಹೋಗ್ತಾನೆ. ಹತ್ತಿಸಲಿ ಅಂತಾನೇ ನಿಲ್ತಾಳೋ ಏನೋ. ನನಗಂತೂ ಹೆದರಿಕೆ ಆಗಿದೆ."

ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. ಮಧ್ಯಾಹ್ನದ ಹೊತ್ತಿಗೆ ತಂಗಿಯನ್ನು ಕರೆದುಕೊಂಡು ಬಂದು ಅಂಗಡಿಯಲ್ಲಿ ಕೂರಿಸಿದ. ನಿಂತುಕೊಂಡೇ ಹೇಳಿದ. ಎಷ್ಟೋ ವಾರದಿಂದ ಕೂಡಿಸಿಟ್ಟುಕೊಂಡಿದ್ದ ಮಾತುಗಳು. ಆಡಿ ಮುಗಿಸಲು ಎರಡು ನಿಮಿಷ ಸಾಕಾಯಿತು.

ತಂಗಿ ಅವನ ಮುಖ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಅವನಿಗೆ ಅದು ಕೋಪಕ್ಕಿಂತ ಕಷ್ಟವಾಯಿತು.

"ಕಾಜಾ ಅಕ್ಕ ಬಂದಿದ್ಳಾ?" ಎಂದಳು. "ಅಣ್ಣ, ನೀನು ಮೊದಲಿಂದಲೂ ಹೀಗೇ. ನಾನು ಒಡೆದ ಗಡಿಯಾರಾನ ನೀನೇ ಒಡೆದೆ ಅಂತ ಹೇಳ್ಕೊಂಡು ಅಪ್ಪನ ಕೈಲಿ ಬೆಲ್ಟಿನ ಏಟು ತಿಂದಿದ್ದು ಮರೆತುಹೋಯ್ತಾ? ಇದೂ ಹಂಗೇ. ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

"ಇಲ್ಲ ಗುಬ್ಬಿ."

"ನೀನು ಹಾಕಿದ ಸಾಮಾನು ಕೆಡುತ್ತಾ? ಊರಿಗೇ ಗೊತ್ತು."

ಸುಟ್ಟ ಬಲ್ಬುಗಳನ್ನು ತೋರಿಸಿದ. ಬಲ್ಬು ಎಲ್ಲಿ ಬೇಕಾದರೂ ಸಿಗುತ್ತದೆ ಎಂದಳು. ಕರಗಿದ ಅರಗು ತೋರಿಸಿದ. "ಇದನ್ನೆಲ್ಲ ಮಾಡೋಕೆ ನಿನಗೆ ಎಷ್ಟು ಹೊತ್ತು ಬೇಕು, ಮೇಸ್ತ್ರಿ ನೀನು" ಎಂದಳು. ಮೂವತ್ತನಾಲ್ಕು ವರ್ಷ ಕಟ್ಟಿದ ಒಳ್ಳೆಯ ಹೆಸರು ಅವನ ಮಾತಿಗೇ ಅಡ್ಡ ನಿಂತಿತ್ತು. ತಾನು ತಪ್ಪು ಮಾಡಿದ್ದೇನೆ ಎಂಬುದನ್ನು ತಂಗಿಗೆ ಗಿರಾಕಿಗೆ ತೋರಿಸುವ ಹಾಗೆ ತೋರಿಸಿ ಒಪ್ಪಿಸಬೇಕಾಗಿ ಬಂತು.

ಗಾಡಿಯ ಮುಂಭಾಗ ಸೊಟ್ಟಗಾಗಿತ್ತು, ಎಂಜಿನ್‌ಗೆ ಏನೂ ಆಗಿರಲಿಲ್ಲ. ಅದೇ ಕಂಪನಿಯ ಹೊಸ ರೆಗ್ಯುಲೇಟರ್ ತೆಗೆದ. ಆ ಡಬ್ಬಿಯನ್ನೇ ಕೆರೆದು ಸ್ವಚ್ಛ ಮಾಡಿ, ಅದರೊಳಗೆ ಇಟ್ಟು, ಅವೇ ರಬ್ಬರ್ ವಾಷರ್‌ಗಳ ಮೇಲೆ ಕೂರಿಸಿ ಬಿಗಿದ. ಬೇರೆ ಬ್ಯಾಟರಿ ಕೊಟ್ಟು ಗಾಡಿಗೆ ಒದ್ದ. ಏಳನೆಯ ಒದೆತಕ್ಕೆ ಹತ್ತಿಕೊಂಡಿತು. ಆ ಸದ್ದು ಕೇಳಿದ ತಂಗಿ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಇಪ್ಪತ್ತು ನಿಮಿಷ ಎಂಜಿನ್ ಓಡಿತು. ಪಕ್ಕದ ಅಂಗಡಿಯ ಬೀಗದವನು ಒಮ್ಮೆ ಇಣುಕಿ, ಒಳಗಿನ ಮುಖಗಳನ್ನು ನೋಡಿ, ಕೇಳಬೇಕೆಂದಿದ್ದನ್ನು ಕೇಳದೆ ವಾಪಸು ಹೋದ. ಎಂಜಿನ್ ನಿಲ್ಲಿಸಿ ಮೇಸ್ತ್ರಿ ಸೈಡ್ ಕವರ್ ತೆಗೆದ. "ನೋಡು" ಎಂದ.

ದಿನವಿಡೀ ಇಸ್ತ್ರಿಪೆಟ್ಟಿಗೆ ಹಿಡಿಯುವವಳು. ಬಿಸಿ ನೋಡುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆರಳನ್ನು ನಾಲಿಗೆಗೆ ಮುಟ್ಟಿಸಿ ತೇವ ಮಾಡಿಕೊಂಡು ಡಬ್ಬಿಗೆ ತಾಕಿಸಿದಳು. ಚುಂಯ್ ಎಂದಿತು.

"ಕಾಟನ್‌ಗೆ ಇಡೋ ಬಿಸಿ ಇದು," ಎಂದಳು ಮೆಲ್ಲಗೆ.

"ಹೊರಗಿನ ತಗಡು ಇಷ್ಟು. ಒಳಗೆ ಇನ್ನೂ ಜಾಸ್ತಿ."

ಅವನು ಅದನ್ನು ಬಿಚ್ಚಿದ. ಹೆಡ್‌ಲೈಟಿನ ಕೆಳಗೆ, ಎಂಜಿನ್ ಮುಂದಿನ ಕಬ್ಬಿಣದ ಕೊಳವೆಗೆ ಬೆಸೆದಿದ್ದ ಪಟ್ಟಿಯ ಮೇಲೆ ಅಂಗೈಯಗಲ ಬಣ್ಣ ಕೆರೆದ. ಬರಿಯ ಕಬ್ಬಿಣ ಹೊಳೆದ ಮೇಲೆ ರೆಗ್ಯುಲೇಟರನ್ನು ನೇರವಾಗಿ ಅದಕ್ಕೆ ಬಿಗಿದ. ರಬ್ಬರ್ ಇಲ್ಲ, ಡಬ್ಬಿ ಇಲ್ಲ. ಗಾಡಿ ಓಡುವಾಗ ಹೊಡೆಯುವ ಗಾಳಿಯ ಬದಲಿಗೆ ಮೇಜಿನ ಫ್ಯಾನು ಎದುರಿಗೆ ಇಟ್ಟ. ಮತ್ತೆ ಇಪ್ಪತ್ತು ನಿಮಿಷ. ಈ ಸಲ ಅವಳು ಕೇಳದೆಯೇ ಎದ್ದು ಬಂದಳು. ಬೆರಳು ತೇವ ಮಾಡಿ ತಾಕಿಸಿದಳು, ಸದ್ದಾಗಲಿಲ್ಲ. ಆಮೇಲೆ ಅಂಗೈ ಪೂರ್ತಿ ಇಟ್ಟಳು. ತೆಗೆಯಲಿಲ್ಲ.

"ಬೆಚ್ಚಗಿದೆ," ಎಂದಳು.

"ಹೂಂ."

"ರಬ್ಬರ್ ಯಾಕೆ ಹಾಕಿದೆ?"

"ಹಳೇದರಲ್ಲಿ ಇತ್ತು."

"ಹಳೇದರಲ್ಲಿ ಯಾಕಿತ್ತು?"

"ಅದು ಕುಲುಕಬಾರದು ಅಂತ."

"ಇದು ಕುಲುಕಿದ್ರೆ?"

"ಇದಕ್ಕೇನೂ ಆಗಲ್ಲ."

"ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು. ಚೀಟಿಯಲ್ಲೂ ಬರೆದಿತ್ತು."

"ಮತ್ತೆ?"

"ಚೆನ್ನಾಗಿ ಕಾಣಲಿ ಅಂತ," ಎಂದ ಮೇಸ್ತ್ರಿ.

ಅವಳು ನಂಬಿದಳು. ನಂಬಿದ್ದು ಅವಳ ಭುಜಗಳಲ್ಲಿ ಕಾಣಿಸಿತು. ಐದು ತಿಂಗಳಿಂದ ಹೊತ್ತ ಭಾರ ಇಳಿದ ಹಾಗೆ ಅವು ಸಡಿಲಗೊಂಡವು. ಗೋಡೆಗೆ ಒರಗಿ ನಿಂತು, "ಹಾಗಾದ್ರೆ ಅವರು ಸಿಟ್ಟಲ್ಲಿ ಹೋಗಲಿಲ್ಲ" ಎಂದಳು. "ನಿಧಾನವಾಗೇ ಹೋಗ್ತಿದ್ರು. ಯಾವಾಗಲೂ ಹೋಗೋ ಹಾಗೆ." ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮೇಸ್ತ್ರಿ ಫ್ಯಾನು ಆರಿಸಿದ. ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟ.

ಅವಳು ಸೆರಗು ತೆಗೆದು ಕೇಳಿದಳು: "ಯಾವತ್ತು ಗೊತ್ತಾಯ್ತು ನಿನಗೆ?"

ಅವನಿಗೆ ಸುಳ್ಳು ಹೇಳುವ ಅವಕಾಶವಿತ್ತು. ನಿನ್ನೆ ಎಂದಿದ್ದರೂ ನಂಬುತ್ತಿದ್ದಳು.

"ಗಾಡಿ ಬಂದ ಮೂರನೇ ದಿನ."

"ಅವತ್ತು ಮನೆಗೆ ಬಂದಿದ್ದೆ. ನಲ್ಲಿ ರಿಪೇರಿ ಮಾಡಿದೆ."

"ಹೂಂ."

"ಆಮೇಲೆ ಪ್ರತಿ ಭಾನುವಾರ ಬಂದೆ. ನಾನು ಶೂ ಕತೆ ಹೇಳ್ತಿದ್ದೆ. ನೀನು ಏನಂತಿದ್ದೆ?"

ಮೇಸ್ತ್ರಿ ಫ್ಯಾನಿನ ವೈರು ಸುತ್ತತೊಡಗಿದ.

"ಹೇಳಣ್ಣ. ಏನಂತಿದ್ದೆ?"

"ಹಣೆಬರಹ ಅಂತಿದ್ದೆ."

"ಹೂಂ. ಹಣೆಬರಹ." ಸೀರೆಯ ನೆರಿಗೆ ಸರಿಮಾಡಿಕೊಂಡಳು. ದನಿ ಏರಲಿಲ್ಲ. "ರಬ್ಬರ್ ಇಟ್ಟಿದ್ದನ್ನ ನುಂಗ್ಕೋತಿದ್ದೆ. ಕೈ ತಪ್ಪು ಯಾರಿಗಿಲ್ಲ, ನಾನೂ ಎಷ್ಟೋ ಬಟ್ಟೆ ಕತ್ತರಿಸಿ ಕೆಡಿಸಿದ್ದೀನಿ. ಅವರಾಗಿದ್ರೂ ನಕ್ಕು ಬಿಡ್ತಿದ್ರು. ಇದನ್ನ ಹೇಗೆ ನುಂಗಲಿ? ನಾನು ಒಣಗ್ತಾ ಇದ್ದದ್ದು ನಿನ್ನ ಕಣ್ಣೆದುರಿಗೇ. ನೀನು ಟೀ ಕುಡೀತಿದ್ದೆ."

"ಗುಬ್ಬಿ..."

"ಮನೆ ಕಡೆ ಬರಬೇಡ. ಈ ಗಾಡೀನ ಸರಿ ಮಾಡಿ ಯಾರಿಗಾದ್ರೂ ಮಾರಿಬಿಡು. ಆ ಸಾಮಾನು ಈಗ ಎಲ್ಲಿದೆಯೋ ಅಲ್ಲೇ ಇರಲಿ. ಕೊಳ್ಳೋನ ಮನೇಲೂ ಯಾರಾದ್ರೂ ಕಾಯ್ತಿರ್ತಾರೆ."

ಮೆಟ್ಟಿಲಿಳಿದು ಹೋದಳು. ಅವನು ಹಿಂದೆ ಹೋಗಲಿಲ್ಲ. ಹೋಗಬೇಕಿತ್ತು ಎಂದು ಬೀಗದವನು ಆಮೇಲೆ ಹೇಳಿದ. ಎಲ್ಲ ಕೇಳಿಸಿಕೊಂಡಿದ್ದ ಅವನು ಅಂದಿನಿಂದ ಎಂದೂ ಅದನ್ನು ತಮಾಷೆಗೆ ಎತ್ತಲಿಲ್ಲ.

ಇದಾಗಿ ಈಗ ವರ್ಷವಾಗುತ್ತ ಬಂತು. ಗಾಡಿ ದೂರದವರೊಬ್ಬರ ಪಾಲಾಯಿತು. ಮೇಸ್ತ್ರಿ ಹಳೆಯ ಗಾಡಿಗೆ ಹೊಸ ರೆಗ್ಯುಲೇಟರ್ ಹಾಕುವುದಾದರೆ ಈಗ ಒಂದೇ ಜಾಗ: ಮುಂದೆ, ಗಾಳಿಗೆ, ಬರಿಯ ಕಬ್ಬಿಣದ ಮೇಲೆ. ಕೆಲವರು ಮೂಗು ಮುರಿಯುತ್ತಾರೆ. "ಇದೇನ್ರೀ ಮೇಸ್ತ್ರಿ, ಮೀಟರ್ ಪೆಟ್ಟಿಗೆ ನೇತುಹಾಕಿದ ಹಾಗಿದೆ, ಒಳಗೆ ಹಾಕ್ರೀ" ಎಂದರೆ, ಆಗಲ್ಲ ಎನ್ನುತ್ತಾನೆ. ಯಾಕೆ ಎಂದರೆ, ಒಳಗೆ ಹಾಕಿ ಒಬ್ಬರನ್ನು ಕೊಂದಿದ್ದೇನೆ ಎನ್ನುತ್ತಾನೆ. ಕೆಲವರು ಅದನ್ನು ತಮಾಷೆ ಎಂದುಕೊಂಡು ನಗುತ್ತಾರೆ. ಕೆಲವರು ಗಾಡಿ ತಿರುಗಿಸಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ.

ಎರಡು ಸಲ ಅವನು ತಂಗಿಯ ಮನೆಯ ಬಾಗಿಲವರೆಗೆ ಹೋಗಿದ್ದ. ಮೊದಲ ಸಲ ಬಾಗಿಲು ತೆರೆಯಲಿಲ್ಲ. ಎರಡನೆಯ ಸಲ ತೆರೆದಳು, ನೋಡಿದಳು, ಮುಚ್ಚಿದಳು. ಸುದ್ದಿ ಸಿಗುವುದು ಕಾಜಾ ಅಕ್ಕನಿಂದ ಮಾತ್ರ. ಗೋದಾಮಿನ ರಸ್ತೆಗೆ ಹೋಗುವುದನ್ನು ತಂಗಿ ಮಾರನೆಯ ದಿನವೇ ಬಿಟ್ಟಳಂತೆ. ಊಟ ಮಾಡುತ್ತಾಳಂತೆ. ಶೂ ಕತೆ ಯಾರಿಗೂ ಹೇಳುವುದಿಲ್ಲವಂತೆ. ಅಣ್ಣನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾಳಂತೆ.

ಹೋದ ವಾರ ಕಾಜಾ ಅಕ್ಕ ಮೆಟ್ಟಿಲ ಬಳಿ ನಿಂತು, "ಮೇಸ್ತ್ರಿ, ನಿಮ್ಮ ತಂಗಿ ನಿನ್ನೆ ನಕ್ಕಳು" ಎಂದಳು.

"ನಕ್ಕಳಾ?"

"ಒಬ್ಬ ಬಂದಿದ್ದ, ಪ್ಯಾಂಟು ಸೊಂಟದಲ್ಲಿ ಬಿಗಿ ಅಂತ ಜಗಳಕ್ಕೆ. ಇವಳು ಟೇಪ್ ಹಿಡಿದು, 'ಸ್ವಾಮಿ, ಟೇಪೂ ಅದೇ, ಪ್ಯಾಂಟೂ ಅದೇ. ನಡುವೆ ಏನೋ ಒಂದು ಬೆಳೆದಿದೆ, ಅದನ್ನ ನಾವು ಹೊಲಿದದ್ದಲ್ಲ' ಅಂದಳು. ಅವನು ಹೋದ ಮೇಲೆ ನಕ್ಕಳು ನೋಡಿ, ಕೈಲಿದ್ದ ಸೀಮೆಸುಣ್ಣ ಬಿದ್ದುಹೋಯ್ತು."

"ಇನ್ನೊಂದ್ಸಲ ಹೇಳಿ," ಎಂದ ಮೇಸ್ತ್ರಿ.

ಕಾಜಾ ಅಕ್ಕ ಇನ್ನೊಮ್ಮೆ ಹೇಳಿದಳು, ಈ ಸಲ ಸ್ವಲ್ಪ ನಟಿಸಿ. ಗಾಡಿ ಬಿಡಲು ಬಂದಿದ್ದ ಗಿರಾಕಿಯೊಬ್ಬ ನಕ್ಕ. ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಹಾಗೇ ನಿಂತಿದ್ದ.

"ಸೊಂಟ ಎಷ್ಟಿತ್ತಂತೆ ಅವನದು?" ಎಂದು ಕೇಳಿದ.

"ಅದೆಲ್ಲ ನನಗೇನು ಗೊತ್ತು ಮೇಸ್ತ್ರಿ? ನಂಗೆ ಹೊತ್ತಾಯ್ತು," ಎಂದು ಅವಳು ಹೊರಟಳು. ಅವಳು ರಸ್ತೆಯ ತಿರುವು ದಾಟುವವರೆಗೂ ಅವನು ಬಾಗಿಲಲ್ಲೇ ಇದ್ದ. ಗಿರಾಕಿ ಎರಡು ಸಲ ಕರೆಯಬೇಕಾಯಿತು.